ಕವಲಿನಲ್ಲಿಯೇ ತಿಳಿಯಬೇಕಾದ ಸುದ್ದಿ: ತಿರುಗುವ ಸೂಚನಾ ಫಲಕಗಳ ಅಗತ್ಯ

ಸರಕು ಸಾಗಣೆಯಲ್ಲಿ ಆಗುವ ವಿಳಂಬಕ್ಕೂ ಒಂದು ಬೆಲೆ ಇದೆ ಎಂಬುದನ್ನು ವರ್ತಕ ಬಂಧುಗಳಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ. ಸವಣೂರಿನ ವೀಳ್ಯದೆಲೆ, ಹಾನಗಲ್ಲಿನ ಮಾವು, ಶಿಗ್ಗಾವಿ ಭಾಗದ ತರಕಾರಿ ಇವೆಲ್ಲ ಗಂಟೆಗಳ ಲೆಕ್ಕದಲ್ಲಿ ಬೆಲೆ ಕಳೆದುಕೊಳ್ಳುವ ಸರಕುಗಳು. ಹಿರೇಕೆರೂರಿನ ಗೋವಿನಜೋಳ ಮತ್ತು ಹತ್ತಿ ಅಷ್ಟು ಬೇಗ ಕೆಡುವುದಿಲ್ಲವಾದರೂ, ದಾರಿಯಲ್ಲಿ ಒಂದು ದಿನ ಹೆಚ್ಚಿಗೆ ನಿಂತ ಲಾರಿಯ ಬಾಡಿಗೆಯೂ ಖರೀದಿದಾರನ ಅಸಮಾಧಾನವೂ ಕೊನೆಗೆ ಮಾರಾಟಗಾರನ ಖಾತೆಗೇ ಬಂದು ಸೇರುತ್ತವೆ. ಇಂಥ ವಿಳಂಬಗಳಲ್ಲಿ ಕೆಲವು ಅನಿವಾರ್ಯ. ಆದರೆ ರಸ್ತೆ ಬಂದಾಗಿದೆ ಎಂಬ ಸುದ್ದಿ ಸಕಾಲದಲ್ಲಿ ಚಾಲಕನಿಗೆ ತಲುಪದೆ ಉಂಟಾಗುವ ವಿಳಂಬವು ಅನಿವಾರ್ಯವಲ್ಲ. ಅದನ್ನು ತಪ್ಪಿಸಬಲ್ಲ ಒಂದು ಸರಳ ಸಾಧನವೆಂದರೆ ರಸ್ತೆ ಕವಲುಗಳಲ್ಲಿ ನಿಲ್ಲಿಸುವ ತಿರುಗುವ ಸೂಚನಾ ಫಲಕ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಮಟ್ಟಿಗೆ ಈ ಸಾಧನದ ಉಪಯುಕ್ತತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಲ್ಕು ತಾಲೂಕುಗಳ ಸ್ಥಾನವಿಶೇಷ

ಈ ನಾಲ್ಕು ತಾಲೂಕುಗಳು ಬಯಲುಸೀಮೆ ಮತ್ತು ಮಲೆನಾಡುಗಳು ಸಂಧಿಸುವ ಸೆರಗಿನಲ್ಲಿವೆ. ಹಿಂದೆ ನಾಲ್ಕನೆಯ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದ, ಈಗ 48ನೆಯ ಸಂಖ್ಯೆಯ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ರಾಣೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾವಿಗಳನ್ನು ಹಾದು ಹುಬ್ಬಳ್ಳಿಯತ್ತ ಸಾಗುತ್ತದೆ. ಈ ಹೆದ್ದಾರಿಯಿಂದ ಪಶ್ಚಿಮಕ್ಕೆ ಹೊರಳಿದ ಪ್ರತಿಯೊಂದು ರಸ್ತೆಯೂ ಒಂದಲ್ಲ ಒಂದು ಘಟ್ಟವನ್ನು ಇಳಿದೇ ಕರಾವಳಿಯನ್ನು ಮುಟ್ಟಬೇಕು. ಹಾನಗಲ್ಲಿನವರಿಗೆ ಶಿರಸಿಯ ಮೇಲಿಂದ ದೇವಿಮನೆ ಘಟ್ಟವಿಳಿದು ಕುಮಟಾ. ಶಿಗ್ಗಾವಿ ಮತ್ತು ಸವಣೂರಿನವರಿಗೆ ಯಲ್ಲಾಪುರದ ಮೇಲಿಂದ ಅರಬೈಲ್ ಘಟ್ಟವಿಳಿದು ಅಂಕೋಲಾ. ಹಿರೇಕೆರೂರಿನವರಿಗೆ ಶಿಕಾರಿಪುರ, ಸಾಗರಗಳ ಮೂಲಕ ಹೊನ್ನಾವರ. ದಕ್ಷಿಣ ಕನ್ನಡಕ್ಕೆ ಹೋಗುವ ಸರಕಿಗೆ ಶಿರಾಡಿ ಘಟ್ಟವೂ ಸೇರುತ್ತದೆ.

ಬಯಲಿನ ಭಾಗದಲ್ಲಿಯೂ ಅಡ್ಡಿಗಳಿಲ್ಲದೆ ಇಲ್ಲ. ಸಾಗರದ ಸಮೀಪ ಹುಟ್ಟಿ, ಬನವಾಸಿಯನ್ನು ಬಳಸಿ ಬರುವ ವರದಾ ನದಿಯು ಹಾನಗಲ್ಲ, ಹಾವೇರಿ, ಸವಣೂರು ಭಾಗಗಳಲ್ಲಿ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹಾನಗಲ್ಲ ತಾಲೂಕಿನ ಧರ್ಮಾ ನದಿ ವರದೆಗೆ ಉಪನದಿ. ಹಿರೇಕೆರೂರು ಭಾಗಕ್ಕೆ ಕುಮುದ್ವತಿ. ಮಲೆನಾಡಿನಲ್ಲಿ ಸುರಿದ ಮಳೆ ಒಂದೆರಡು ದಿನ ಕಳೆದು ಈ ನದಿಗಳ ಮೂಲಕ ಬಯಲಿಗೆ ಬರುವುದರಿಂದ, ಊರಿನಲ್ಲಿ ಬಿಸಿಲಿದ್ದಾಗಲೂ ತಗ್ಗಿನ ಸೇತುವೆಗಳ ಮೇಲೆ ನೀರು ಏರುವುದುಂಟು. 2019ರ ಆಗಸ್ಟ್ ತಿಂಗಳ ಪ್ರವಾಹವನ್ನು ಜಿಲ್ಲೆಯ ಜನ ಮರೆತಿಲ್ಲ.

ಸುದ್ದಿ ಇದೆ, ಬೇಕಾದ ಜಾಗದಲ್ಲಿಲ್ಲ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 66ನೆಯ ರಾಷ್ಟ್ರೀಯ ಹೆದ್ದಾರಿ ಮುಚ್ಚಿಹೋಯಿತು. ಶಿರೂರು ಇರುವುದು ಅಂಕೋಲಾ ಮತ್ತು ಕುಮಟಾಗಳ ನಡುವೆ. ಸವಣೂರಿನಿಂದ ಅರಬೈಲ್ ಮಾರ್ಗವಾಗಿ ಅಂಕೋಲಾಕ್ಕೆ ಇಳಿದು ಕುಮಟಾಕ್ಕೆ ಹೋಗಬೇಕಾದ ವಾಹನವಾಗಲಿ, ಹಾನಗಲ್ಲಿನಿಂದ ಶಿರಸಿ ಮಾರ್ಗವಾಗಿ ಕುಮಟಾಕ್ಕೆ ಇಳಿದು ಕಾರವಾರ, ಗೋವೆಗಳತ್ತ ಹೋಗಬೇಕಾದ ವಾಹನವಾಗಲಿ, ಘಟ್ಟ ಇಳಿದ ಮೇಲೆ ಮುಂದೆ ದಾರಿಯಿಲ್ಲದೆ ನಿಲ್ಲಬೇಕಾದಂಥ ಪರಿಸ್ಥಿತಿ ಅದಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಶಿರಸಿ–ಕುಮಟಾ ರಸ್ತೆಯ ಕಾಮಗಾರಿಗಾಗಿ ಆ ಮಾರ್ಗದ ಸಂಚಾರಕ್ಕೆ ನಿರ್ಬಂಧ ಬಂದಿತು. 2018ರ ಮಳೆಗಾಲದಲ್ಲಿ ಶಿರಾಡಿ ಘಟ್ಟವೂ, 2019ರಲ್ಲಿ ಚಾರ್ಮಾಡಿ ಘಟ್ಟವೂ, 2021ರ ಜುಲೈನಲ್ಲಿ ಅರಬೈಲ್ ಘಟ್ಟವೂ ಭೂಕುಸಿತಗಳಿಂದ ಬಾಧಿತವಾಗಿದ್ದವು. ಘಟ್ಟದ ರಸ್ತೆ ಮುಚ್ಚುವುದು ಇನ್ನು ಅಪರೂಪದ ಸಂಗತಿಯಲ್ಲ, ವರ್ಷಂಪ್ರತಿ ನಿರೀಕ್ಷಿಸಬೇಕಾದ ವ್ಯಾಪಾರದ ಅಪಾಯ.

ಇಂಥ ಸಂದರ್ಭಗಳಲ್ಲಿ ಜಿಲ್ಲಾಡಳಿತವು ಆದೇಶ ಹೊರಡಿಸುತ್ತದೆ. ಮರುದಿನದ ಪತ್ರಿಕೆಗಳಲ್ಲಿ ಅದು ಪ್ರಕಟವಾಗುತ್ತದೆ, ಮೊಬೈಲ್ ಗುಂಪುಗಳಲ್ಲಿಯೂ ಹರಿದಾಡುತ್ತದೆ. ಆದರೆ ಹಿಂದಿನ ರಾತ್ರಿ ಸರಕು ತುಂಬಿಕೊಂಡು ಹೊರಟ ಚಾಲಕನು ಪತ್ರಿಕೆಯನ್ನು ಓದಿರುವುದಿಲ್ಲ. ಆಂಧ್ರದಿಂದಲೋ ತಮಿಳುನಾಡಿನಿಂದಲೋ ಬಂದ ಚಾಲಕನು ಉತ್ತರ ಕನ್ನಡ ಜಿಲ್ಲೆಯ ಯಾವ ಗುಂಪಿನಲ್ಲಿಯೂ ಇರುವುದಿಲ್ಲ. ಅವನಿಗೆ ಸುದ್ದಿ ತಿಳಿಯುವುದು ಘಟ್ಟದ ನೆತ್ತಿಯಲ್ಲಿ ಅಡ್ಡ ಇಟ್ಟ ಬ್ಯಾರಿಕೇಡಿನ ಎದುರು. ಅಲ್ಲಿ ದೊಡ್ಡ ಲಾರಿಯನ್ನು ತಿರುಗಿಸಲು ಜಾಗವೂ ಇರುವುದಿಲ್ಲ. ಅದೇ ಸುದ್ದಿ ತಡಸ ಕ್ರಾಸಿನಲ್ಲಿಯೋ ಹಾನಗಲ್ಲಿನಲ್ಲಿಯೋ ತಿಳಿದಿದ್ದರೆ ಅವನು ಬೇರೆ ಮಾರ್ಗ ಹಿಡಿಯುತ್ತಿದ್ದ, ಇಲ್ಲವೆ ಮಾಲೀಕನಿಗೆ ಫೋನ್ ಮಾಡಿ ಅಲ್ಲಿಯೇ ನಿಲ್ಲುತ್ತಿದ್ದ.

ಇದಕ್ಕೆ ವ್ಯತಿರಿಕ್ತವಾದ ಒಂದು ಉದಾಹರಣೆಯನ್ನು ಗಮನಿಸಬಹುದು. ಬಂಡೀಪುರ ಅರಣ್ಯದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವು 2009ರಲ್ಲಿ ಜಾರಿಗೆ ಬಂದಿತು. ಅದು ನಿತ್ಯದ ನಿಯಮವಾದುದರಿಂದ ಬಣ್ಣದಲ್ಲಿ ಬರೆದ ಸ್ಥಿರ ಫಲಕವೇ ಸಾಕು. ಕೇರಳಕ್ಕೆ ಹೋಗುವ ಚಾಲಕರು ಆ ಸಮಯಕ್ಕೆ ಹೊಂದಿಕೊಂಡೇ ಪ್ರಯಾಣವನ್ನು ಯೋಜಿಸುತ್ತಾರೆ. ಘಟ್ಟದ ಕುಸಿತ, ನದಿಯ ನೆರೆ, ಕಾಮಗಾರಿಯ ತಡೆ ಇವು ಬಂದು ಹೋಗುವ ಸಂಗತಿಗಳು. ಅವುಗಳಿಗೆ ಸ್ಥಿರ ಫಲಕವು ಒಗ್ಗುವುದಿಲ್ಲ. ಮಳೆಗಾಲ ಮುಗಿದ ಮೇಲೂ ‘ರಸ್ತೆ ಬಂದ್’ ಎಂದೇ ಸಾರುವ ಹರಿದ ಫ್ಲೆಕ್ಸುಗಳನ್ನು ಚಾಲಕರು ನಂಬುವುದನ್ನು ಬಿಟ್ಟಿದ್ದಾರೆ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ, 1988ರ 115ನೆಯ ಕಲಮು ಸಾರ್ವಜನಿಕ ಸುರಕ್ಷತೆಗಾಗಿ ಅಥವಾ ರಸ್ತೆ, ಸೇತುವೆಗಳ ಸ್ಥಿತಿಯ ಕಾರಣದಿಂದ ವಾಹನ ಸಂಚಾರವನ್ನು ನಿಷೇಧಿಸುವ ಇಲ್ಲವೆ ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೂ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೂ ಕೊಟ್ಟಿದೆ. ಅದೇ ಕಲಮು ಒಂದು ಕರ್ತವ್ಯವನ್ನೂ ವಿಧಿಸಿದೆ. ನಿರ್ಬಂಧ ಹೇರಿದಾಗ 116ನೆಯ ಕಲಮಿನನ್ವಯ ಯೋಗ್ಯ ಸ್ಥಳಗಳಲ್ಲಿ ಸಂಚಾರ ಸೂಚನಾ ಫಲಕಗಳನ್ನು ನಿಲ್ಲಿಸಬೇಕು. ನಿರ್ಬಂಧವು ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರುವುದಿಲ್ಲವಾದರೆ ರಾಜಪತ್ರದಲ್ಲಿ ಪ್ರಕಟಿಸುವ ಅಗತ್ಯವಿಲ್ಲ, ಆದರೆ ಸಂದರ್ಭಕ್ಕೆ ಸಾಧ್ಯವಾದಷ್ಟು ಸ್ಥಳೀಯ ಪ್ರಚಾರವನ್ನು ನೀಡಲೇಬೇಕು.

ಆದ್ದರಿಂದ ಕವಲಿನಲ್ಲಿ ಫಲಕ ಬೇಕೆಂಬ ಬೇಡಿಕೆಯು ವರ್ತಕರು ಕೈಮುಗಿದು ಕೇಳಬೇಕಾದ ಅನುಗ್ರಹವಲ್ಲ. ಕಾಯ್ದೆಯಲ್ಲಿ ಈಗಾಗಲೇ ಬರೆದಿರುವ ಕರ್ತವ್ಯದ ಪಾಲನೆಯನ್ನು ಕೇಳುವುದಷ್ಟೆ. ಚರ್ಚೆಗೆ ಉಳಿಯುವ ವಿಷಯ ‘ಯೋಗ್ಯ ಸ್ಥಳ’ ಯಾವುದು ಎಂಬುದು. ಅಡ್ಡಿಯಾದ ಜಾಗದ ಮುಂದೆ ನಿಲ್ಲಿಸಿದ ಫಲಕವು ಅಪಘಾತವನ್ನು ತಡೆಯಬಹುದು, ಆದರೆ ನಷ್ಟವನ್ನು ತಡೆಯಲಾರದು. ಚಾಲಕನಿಗೆ ಇನ್ನೊಂದು ದಾರಿಯನ್ನು ಆಯ್ದುಕೊಳ್ಳುವ ಅವಕಾಶವಿರುವ ಕೊನೆಯ ಕವಲೇ ಯೋಗ್ಯ ಸ್ಥಳ.

ನಷ್ಟ ಯಾರ ಖಾತೆಗೆ?

ಲಾರಿ ತಡವಾದರೆ ಹೊಣೆ ಸಾಗಣೆದಾರನದು ಎಂಬ ಭಾವನೆ ವ್ಯಾಪಕವಾಗಿದೆ. ಅದು ಪೂರ್ತಿ ಸರಿಯಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯು ಸಾರ್ವಜನಿಕ ಸಾಗಣೆದಾರನ ಹೊಣೆಗಾರಿಕೆಯನ್ನು ವಿವರಿಸುವಾಗ ಕೆಲವು ವಿನಾಯಿತಿಗಳನ್ನು ನೀಡಿದೆ. ದೈವಿಕ ವಿಪತ್ತು ಒಂದು. ಸರಕಾರ ಅಥವಾ ಅದರ ಅಧೀನ ಅಧಿಕಾರಿಗಳು ಹೊರಡಿಸಿದ ಆದೇಶ, ನಿರ್ಬಂಧ, ನಿಷೇಧಗಳು ಇನ್ನೊಂದು. ಸಾಗಣೆದಾರನು ತಕ್ಕಷ್ಟು ಎಚ್ಚರಿಕೆ ವಹಿಸಿದ್ದರೆ ನಷ್ಟವನ್ನು ತಪ್ಪಿಸಬಹುದಾಗಿತ್ತು ಎಂದು ತೋರಿಬಂದರೆ ಮಾತ್ರ ಈ ವಿನಾಯಿತಿ ಅವನಿಗೆ ಸಲ್ಲುವುದಿಲ್ಲ. ರಸ್ತೆ ಬಂದಾದ ಸುದ್ದಿ ದಾರಿಯಲ್ಲಿ ಎಲ್ಲಿಯೂ ಸೂಚಿತವಾಗದಿದ್ದಾಗ ಚಾಲಕನು ಎಚ್ಚರಿಕೆ ತಪ್ಪಿದನೆಂದು ಸಾಧಿಸುವುದು ಕಷ್ಟ. ಹೀಗೆ ಕೊಳೆತ ಸರಕಿನ ನಷ್ಟವು ಬಹುಮಟ್ಟಿಗೆ ಸರಕಿನ ಮಾಲೀಕನಲ್ಲಿಯೇ ಉಳಿಯುತ್ತದೆ.

ಎರಡನೆಯದು ಇ-ವೇ ಬಿಲ್ಲಿನ ವಿಷಯ. ತಾಜಾ ಹಣ್ಣು-ತರಕಾರಿಗಳಿಗೆ ಈ ತೊಂದರೆ ಇಲ್ಲ. ಆದರೆ ಒಣಮೆಣಸಿನಕಾಯಿ, ಹತ್ತಿ ಅಂಡಿಗೆ, ಕಾರ್ಖಾನೆಗಳ ಸಿದ್ಧವಸ್ತುಗಳು ಮೊದಲಾದ ತೆರಿಗೆಯುಕ್ತ ಸರಕುಗಳಿಗೆ ಅದು ಅಗತ್ಯ. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ಲನ್ನು 2018ರ ಏಪ್ರಿಲ್ 1ರಿಂದಲೇ ಜಾರಿಗೆ ತಂದ ರಾಜ್ಯ ಕರ್ನಾಟಕ. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದಂತೆ ಸಿಂಧುತ್ವ ದೊರೆಯುತ್ತದೆ. ಅದಕ್ಕೆ ಮೊದಲು ಈ ದೂರ 100 ಕಿ.ಮೀ. ಇತ್ತು. ಅಂದರೆ ದಿನವೊಂದಕ್ಕೆ ವಾಹನವು ಕ್ರಮಿಸಬೇಕಾದ ದೂರ ಇಮ್ಮಡಿಯಾಗಿದೆ. ಘಟ್ಟದ ಬಾಯಲ್ಲಿ ಒಂದು ರಾತ್ರಿ ನಿಂತು, ಮರಳಿ ಬಂದು, ಬಳಸುದಾರಿ ಹಿಡಿದ ಲಾರಿಯ ಇ-ವೇ ಬಿಲ್ಲು ದಾರಿಯಲ್ಲಿಯೇ ಮುಗಿದುಹೋಗುವ ಸಂಭವವುಂಟು. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ಒಳಗೆ ಕಾರಣ ನಮೂದಿಸಿ ವಿಸ್ತರಿಸಿಕೊಳ್ಳಲು ಅವಕಾಶವಿದೆ. ಆದರೆ ಚಾಲಕನು ನೆಟ್‌ವರ್ಕ್ ಇಲ್ಲದ ಕಾಡಿನಲ್ಲಿ ಸಿಲುಕಿ, ಮಾಲೀಕನಿಗೆ ವಿಷಯವೇ ತಿಳಿಯದಿದ್ದರೆ ಈ ಅವಕಾಶ ಕಾಗದದ ಮೇಲೆ ಉಳಿಯುತ್ತದೆ. ತಪಾಸಣೆಯಲ್ಲಿ ಸರಕು ತಡೆಹಿಡಿಯಲ್ಪಟ್ಟರೆ, 2022ರ ಜನವರಿ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಮಾಲೀಕನೇ ಮುಂದೆ ಬಂದರೂ ತೆರಿಗೆಯ ಶೇಕಡಾ 200ರಷ್ಟು ದಂಡ ತೆತ್ತು ಸರಕನ್ನು ಬಿಡಿಸಿಕೊಳ್ಳಬೇಕಾದೀತು.

ಮೂರನೆಯದು ಇಂಧನದ ಲೆಕ್ಕ. ಲಾರಿಯೊಂದು ತಪ್ಪು ದಾರಿಯಲ್ಲಿ ಹೋಗಿ ಬರಲು 120 ಕಿ.ಮೀ. ಹೆಚ್ಚು ಓಡಿತೆಂದು ಇಟ್ಟುಕೊಳ್ಳೋಣ. ಲೀಟರಿಗೆ 4 ಕಿ.ಮೀ.ನಂತೆ 30 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ 2,700 ರೂಪಾಯಿ. ದಿನಕ್ಕೆ 20 ಲಾರಿಗಳಂತೆ 10 ದಿನ ಹೀಗಾದರೆ 5,40,000 ರೂಪಾಯಿ. ಇದು ಕೇವಲ ಡೀಸೆಲ್ಲಿನ ಲೆಕ್ಕ. ಚಾಲಕನ ಭತ್ಯೆ, ಟೈರಿನ ಸವೆತ, ಕೆಟ್ಟ ಮಾಲು, ತಪ್ಪಿದ ಪೇಟೆ ಇವು ಬೇರೆ. ವರ್ತಕರು ತಂತಮ್ಮ ಪುಸ್ತಕಗಳ ಅಂಕಿಗಳನ್ನು ಈ ಸೂತ್ರದಲ್ಲಿ ಇಟ್ಟು ನೋಡಿದರೆ ತಮ್ಮ ತಮ್ಮ ನಷ್ಟ ಎಷ್ಟೆಂಬುದು ಸ್ಪಷ್ಟವಾದೀತು. ಈ ವೆಚ್ಚ ಯಾವ ಖಾತೆಯಲ್ಲಿಯೂ ಪ್ರತ್ಯೇಕವಾಗಿ ಕಾಣದೆ ‘ಸಾಗಣೆ ಖರ್ಚು’ ಎಂಬ ಶಿರೋನಾಮೆಯಲ್ಲಿ ಬೆರೆತುಹೋಗುವುದರಿಂದಲೇ ಅದರ ಬಗ್ಗೆ ದೂರು ಹುಟ್ಟುತ್ತಿಲ್ಲ.

ತಿರುಗುವ ಫಲಕ ಎಂದರೇನು?

ದೊಡ್ಡ ನಗರಗಳ ವೃತ್ತಗಳಲ್ಲಿ ಮೂರು ಜಾಹೀರಾತುಗಳನ್ನು ಒಂದಾದ ಮೇಲೊಂದರಂತೆ ತೋರಿಸುವ ಪಟ್ಟಿಪಟ್ಟಿಯ ಫಲಕಗಳನ್ನು ಹಲವರು ಕಂಡಿರಬಹುದು. ಉದ್ದನೆಯ ಮುಮ್ಮುಖ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿರುತ್ತಾರೆ. ಎಲ್ಲ ಪಟ್ಟಿಗಳೂ ಏಕಕಾಲಕ್ಕೆ 120 ಡಿಗ್ರಿ ತಿರುಗಿದರೆ ಒಂದು ಚಿತ್ರ ಮರೆಯಾಗಿ ಇನ್ನೊಂದು ಪೂರ್ಣವಾಗಿ ಮೂಡುತ್ತದೆ. ಇದೇ ಯಂತ್ರರಚನೆಯನ್ನು ಸಂಚಾರ ಸೂಚನೆಗೆ ಬಳಸಿದರೆ ಅದು ತಿರುಗುವ ಸೂಚನಾ ಫಲಕವಾಗುತ್ತದೆ. ಒಂದು ಫಲಕ, ಮೂರು ಸಂದೇಶ. ಫಲಕವನ್ನು ಮೇಲು-ಕೆಳಗೆ ಎರಡು ಸಾಲುಗಳಾಗಿ ಮಾಡಿ, ಪ್ರತಿ ಸಾಲೂ ಬೇರೆಬೇರೆಯಾಗಿ ತಿರುಗುವಂತೆ ಏರ್ಪಡಿಸಿದರೆ ಒಂಬತ್ತು ಜೋಡಣೆಗಳು ದೊರೆಯುತ್ತವೆ. ಮೇಲಿನ ಸಾಲಿನಲ್ಲಿ ರಸ್ತೆಯ ಸ್ಥಿತಿ, ಕೆಳಗಿನ ಸಾಲಿನಲ್ಲಿ ಬದಲಿ ಮಾರ್ಗ. ತಾಲೂಕಿನ ಅಗತ್ಯಕ್ಕೆ ಇಷ್ಟು ಸಾಕು.

ಯುರೋಪಿನ ದೇಶಗಳಲ್ಲಿ ಇದು ಹೊಸತಲ್ಲ. ಅಲ್ಲಿನ ಇಎನ್ 12966 ಎಂಬ ಮಾನದಂಡವು ಬದಲಾಗುವ ಫಲಕಗಳನ್ನು ಎರಡು ವರ್ಗಗಳಾಗಿ ವಿಂಗಡಿಸುತ್ತದೆ: ಸಾಮಾನ್ಯ ಫಲಕದಂತೆಯೇ ಕಾಣುವ, ಆದರೆ ಯಂತ್ರದ ಸಹಾಯದಿಂದ ಮುಖ ಬದಲಿಸುವ ಫಲಕಗಳು, ದೀಪದ ಚುಕ್ಕೆಗಳಿಂದ ಅಕ್ಷರ ಮೂಡಿಸುವ ಫಲಕಗಳು. ಭಾರತೀಯ ರಸ್ತೆ ಕಾಂಗ್ರೆಸ್ ಸಂಸ್ಥೆಯೂ ಬದಲಾಗುವ ಸಂದೇಶ ಫಲಕಗಳ ಬಗ್ಗೆ ಎಸ್‌ಪಿ 85 ಎಂಬ ಮಾರ್ಗಸೂಚಿಯನ್ನು 2010ರಲ್ಲಿ ಪ್ರಕಟಿಸಿದೆ. ಬೆಂಗಳೂರಿನಲ್ಲಿ ಸಂಚಾರ ಪೊಲೀಸರು ಬಿ-ಟ್ರ್ಯಾಕ್ ಯೋಜನೆಯಡಿ ನಿಲ್ಲಿಸಿದ ಫಲಕಗಳು ದೀಪದ ಚುಕ್ಕೆಗಳ ವರ್ಗಕ್ಕೆ ಸೇರಿದವು.

ಎಲ್‌ಇಡಿ ಫಲಕಕ್ಕಿಂತ ಇದು ಏಕೆ ಮೇಲು?

ಮಹಾನಗರಕ್ಕೆ ಎಲ್‌ಇಡಿ ಫಲಕವೇ ಸರಿ. ಅಲ್ಲಿ ಸಂದೇಶಗಳು ಗಂಟೆಗೊಮ್ಮೆ ಬದಲಾಗುತ್ತವೆ, ವಿದ್ಯುತ್ತಿಗೂ ನಿಯಂತ್ರಣ ಕೊಠಡಿಗೂ ಕೊರತೆಯಿಲ್ಲ. ತಾಲೂಕಿನ ಪರಿಸ್ಥಿತಿ ಬೇರೆ.

ಮೊದಲನೆಯದಾಗಿ, ಎಲ್‌ಇಡಿ ಫಲಕವು ಸಂದೇಶವನ್ನು ತೋರಿಸುತ್ತಿರುವಷ್ಟು ಹೊತ್ತೂ ವಿದ್ಯುತ್ತನ್ನು ಬೇಡುತ್ತದೆ. ಗಾಳಿ-ಮಳೆಗೆ ವಿದ್ಯುತ್ ಹೋದ ರಾತ್ರಿಯೇ ಘಟ್ಟ ಕುಸಿಯುವುದು ಹೆಚ್ಚು; ಅಂದರೆ ಅತ್ಯಂತ ಬೇಕಾದ ಗಳಿಗೆಯಲ್ಲಿ ಅದು ಕಪ್ಪಾಗುವ ಸಂಭವ ಹೆಚ್ಚು. ತಿರುಗುವ ಫಲಕಕ್ಕೆ ಮುಖ ಬದಲಿಸುವ ಕೆಲವು ಸೆಕೆಂಡುಗಳಲ್ಲಿ ಮಾತ್ರ ವಿದ್ಯುತ್ ಬೇಕು. ಚಿಕ್ಕ ಸೌರಫಲಕ ಮತ್ತು ಬ್ಯಾಟರಿಯಿಂದ ಈ ಕೆಲಸ ನಡೆಯುತ್ತದೆ. ಅದೂ ಕೈಕೊಟ್ಟರೆ ಹಿಡಿಕೆಯಿಂದ ಕೈಯಲ್ಲಿಯೇ ತಿರುಗಿಸುವ ಏರ್ಪಾಡನ್ನು ಇಟ್ಟುಕೊಳ್ಳಬಹುದು. ತಿರುಗಿ ನಿಂತ ಮುಖವು ವಿದ್ಯುತ್ ಇಲ್ಲದೆಯೂ ಹಾಗೆಯೇ ಇರುತ್ತದೆ.

ಎರಡನೆಯದಾಗಿ, ಅದರ ಮೇಲಿನ ಅಕ್ಷರ ಮತ್ತು ಚಿಹ್ನೆಗಳನ್ನು ಸಾಮಾನ್ಯ ರಸ್ತೆ ಫಲಕಗಳಂತೆಯೇ, ಜನರು ರೇಡಿಯಂ ಎಂದು ಕರೆಯುವ ಹೊಳೆಯುವ ಹಾಳೆಯಲ್ಲಿ ಮಾಡಿರುತ್ತಾರೆ. ಲಾರಿಯ ದೀಪ ಬಿದ್ದೊಡನೆ ಅದು ಕಾಣುತ್ತದೆ. ಕೆಂಪು ವೃತ್ತದೊಳಗಿನ ಲಾರಿಯ ಚಿತ್ರವನ್ನು ಕನ್ನಡ ಬಾರದ ಚಾಲಕನೂ ಅರ್ಥಮಾಡಿಕೊಳ್ಳುತ್ತಾನೆ.

ಮೂರನೆಯ ಕಾರಣವು ಸ್ವಲ್ಪ ವಿಚಿತ್ರವೆನಿಸಬಹುದು. ಎಲ್‌ಇಡಿ ಫಲಕಕ್ಕೆ ಏನನ್ನು ಬೇಕಾದರೂ ಹೇಳುವ ಸಾಮರ್ಥ್ಯವಿರುವುದರಿಂದ ಅದು ಯಾವಾಗಲೂ ಏನನ್ನಾದರೂ ಹೇಳುತ್ತಲೇ ಇರುತ್ತದೆ. ಇಂದು ಘೋಷವಾಕ್ಯ, ನಾಳೆ ಹಬ್ಬದ ಶುಭಾಶಯ. ಸದಾ ಮಾತನಾಡುವವನ ಮಾತಿಗೆ ಬೆಲೆಯಿಲ್ಲವೆಂಬಂತೆ ಚಾಲಕರು ಅದನ್ನು ಓದುವುದನ್ನೇ ಬಿಡುತ್ತಾರೆ. ತಿರುಗುವ ಫಲಕಕ್ಕೆ ಮೂರೇ ಮುಖ. ಅವುಗಳಲ್ಲಿ ಒಂದು ಮುಖವನ್ನು ಕಡ್ಡಾಯವಾಗಿ ಖಾಲಿ ಬಿಡಬೇಕು. ಆ ಖಾಲಿ ಮುಖವನ್ನು ಜಾಹೀರಾತಿಗೆ ಕೊಟ್ಟು ವೆಚ್ಚ ಭರಿಸಿಕೊಳ್ಳಬಹುದಲ್ಲವೇ ಎಂಬ ಸಲಹೆ ವರ್ತಕರಿಂದಲೇ ಬರುವುದು ಸಹಜ. ಆ ಸಲಹೆಯನ್ನು ಒಪ್ಪತಕ್ಕದ್ದಲ್ಲ. ಖಾಲಿ ಇದ್ದ ಫಲಕದಲ್ಲಿ ಅಕ್ಷರ ಕಂಡಾಗಲೇ ಚಾಲಕನ ಕಣ್ಣು ಅತ್ತ ಹೋಗುತ್ತದೆ.

ಎಲ್ಲೆಲ್ಲಿ, ಯಾವ ಸಂದೇಶ?

ಗಂಟೆಗೆ 60 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. 100 ಮೀಟರ್ ದೂರದಿಂದ ಓದಬಲ್ಲ ಅಕ್ಷರಗಳಿದ್ದರೂ ಚಾಲಕನಿಗೆ ದೊರೆಯುವುದು ಆರು ಸೆಕೆಂಡು. ಆದ್ದರಿಂದ ಸಂದೇಶವು ಮೂರು ಸಂಗತಿಗಳನ್ನು ಮೀರಬಾರದು: ಯಾವ ರಸ್ತೆ, ಯಾವ ವಾಹನಕ್ಕೆ ತಡೆ, ಬದಲಿಗೆ ಎತ್ತ ಹೋಗಬೇಕು.

ಶಿಗ್ಗಾವಿ ತಾಲೂಕಿನ ತಡಸ ಕ್ರಾಸ್ ಮೊದಲ ಆದ್ಯತೆಗೆ ಅರ್ಹವಾದ ಸ್ಥಳ. ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಮುಂಡಗೋಡ, ಶಿರಸಿ, ಯಲ್ಲಾಪುರಗಳತ್ತ ಹೊರಳುವ ಸರಕಿಗೆ ಅದು ದೊಡ್ಡ ಕವಲು. ಅಲ್ಲಿನ ಫಲಕದ ಒಂದು ಮುಖ ಅರಬೈಲ್ ಮಾರ್ಗದ ತಡೆಯನ್ನೂ, ಇನ್ನೊಂದು ದೇವಿಮನೆ ಮಾರ್ಗದ ತಡೆಯನ್ನೂ ತಿಳಿಸಬೇಕು. ಹಾನಗಲ್ಲಿನಲ್ಲಿ ಶಿರಸಿ ರಸ್ತೆಯು ಊರನ್ನು ಬಿಡುವ ಮೊದಲು ಎರಡನೆಯ ಫಲಕ: ಒಂದು ಮುಖದಲ್ಲಿ ಭಾರಿ ವಾಹನಗಳಿಗೆ ಮಾತ್ರ ತಡೆ, ಇನ್ನೊಂದರಲ್ಲಿ ಸಂಪೂರ್ಣ ಬಂದ್. ಈ ಎರಡರ ವ್ಯತ್ಯಾಸ ಮಾವಿನ ವ್ಯಾಪಾರಿಗೆ ಬಹಳ ಮುಖ್ಯ. ಚಿಕ್ಕ ಗೂಡ್ಸ್ ವಾಹನಗಳಿಗೆ ದಾರಿ ಇದೆಯೆಂದು ತಿಳಿದರೆ ಮಾಲನ್ನು ಲಾರಿಯಿಂದ ಅವುಗಳಿಗೆ ಬದಲಿಸಿ ಕಳಿಸಬಹುದು.

ಸವಣೂರಿನಿಂದ ಹಾವೇರಿಯತ್ತ ಹೊರಟವರು ವರದಾ ನದಿಯನ್ನು ದಾಟಲೇಬೇಕು. ಅಲ್ಲಿ ಬೇಕಾದುದು ನೆರೆಯ ಸೂಚನೆ: ಸೇತುವೆ ಮುಳುಗಿದಾಗ ಬಂಕಾಪುರದ ಮೇಲಿಂದ ಹೆದ್ದಾರಿಯನ್ನು ಸೇರುವಂತೆ ಊರಿನಲ್ಲಿಯೇ ತಿಳಿಸುವ ಫಲಕ. ಹಿರೇಕೆರೂರಿನಲ್ಲಿ ಎರಡು ಕಾಲಗಳ ಅಗತ್ಯವಿದೆ. ಮಳೆಗಾಲದಲ್ಲಿ ಕುಮುದ್ವತಿ ಹಾಗೂ ಸಾಗರದತ್ತಣ ರಸ್ತೆಗಳ ಸ್ಥಿತಿ. ಸುಗ್ಗಿಯಲ್ಲಿ ಗೋವಿನಜೋಳದ ಟ್ರ್ಯಾಕ್ಟರುಗಳ ಸಂಚಾರ. ರಸ್ತೆಯ ಮೇಲೆಯೇ ಕಾಳು ಒಣಗಿಸುವ ಮತ್ತು ಒಕ್ಕಣೆ ಮಾಡುವ ರೂಢಿ ಈ ಭಾಗದಲ್ಲಿದೆ. ಫಲಕವು ಆ ರೂಢಿಗೆ ಪರವಾನಿಗೆ ಆಗಕೂಡದು. ‘ಮುಂದೆ ಟ್ರ್ಯಾಕ್ಟರ್ ಸಂಚಾರ, ನಿಧಾನ’ ಎಂದಷ್ಟೇ ಸೂಚಿಸಿದರೆ ಸಾಕು.

ಕೆಲವು ಆಕ್ಷೇಪಣೆಗಳು

ಮೊಬೈಲಿನ ನಕ್ಷೆಗಳು ಇರುವಾಗ ಫಲಕ ಯಾಕೆ ಎಂಬುದು ಮೊದಲ ಆಕ್ಷೇಪಣೆ. ನಕ್ಷೆಯು ವಾಹನಗಳ ದಟ್ಟಣೆಯನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಭಾರಿ ವಾಹನಗಳಿಗೆ ಮಾತ್ರ ಅನ್ವಯಿಸುವ ಜಿಲ್ಲಾಧಿಕಾರಿಗಳ ಆದೇಶವು ಅದರಲ್ಲಿ ಕೂಡಲೇ ಕಾಣಿಸುತ್ತದೆಂಬ ಭರವಸೆಯಿಲ್ಲ. ಕಾರಿಗೆ ಯೋಗ್ಯವಾದ ಒಳದಾರಿಯನ್ನು ಹದಿನೈದು ಟನ್ನಿನ ಲಾರಿಗೂ ಅದು ತೋರಿಸಬಲ್ಲದು. ನಕ್ಷೆ ಮತ್ತು ಫಲಕ ಎರಡೂ ಇರಲಿ.

ಯಂತ್ರ ಕೆಡುತ್ತದೆ ಎಂಬುದು ಎರಡನೆಯ ಆಕ್ಷೇಪಣೆ, ಮತ್ತು ಇದು ನ್ಯಾಯವಾದದ್ದು. ಧೂಳು ಸೇರಿದರೆ, ತುಕ್ಕು ಹಿಡಿದರೆ, ಹಕ್ಕಿ ಗೂಡು ಕಟ್ಟಿದರೆ ಒಂದೆರಡು ಪಟ್ಟಿಗಳು ಸಿಕ್ಕಿಕೊಂಡು ಅರ್ಧ ಒಂದು ಸಂದೇಶ, ಅರ್ಧ ಇನ್ನೊಂದು ಸಂದೇಶ ತೋರಿ ಗೊಂದಲವಾಗುತ್ತದೆ. ಬೇರಿಂಗುಗಳಿಗೆ ಕಾಲಕಾಲಕ್ಕೆ ಗ್ರೀಸ್ ಬೇಕು, ಮಳೆಗಾಲಕ್ಕೆ ಮೊದಲು ಒಮ್ಮೆ ಎಲ್ಲ ಮುಖಗಳನ್ನೂ ತಿರುಗಿಸಿ ನೋಡಬೇಕು. ಆದರೆ ಈ ದುರಸ್ತಿಗೆ ಹೊರದೇಶದ ಬಿಡಿಭಾಗವಾಗಲಿ ದೂರದ ತಂತ್ರಜ್ಞನಾಗಲಿ ಬೇಕಾಗಿಲ್ಲ. ಅಲ್ಯುಮಿನಿಯಂ ಪಟ್ಟಿ, ಗಿಯರು, ಚಿಕ್ಕ ಮೋಟಾರು, ಉಕ್ಕಿನ ಚೌಕಟ್ಟು ಇಷ್ಟನ್ನು ಹುಬ್ಬಳ್ಳಿಯ ಗೋಕುಲ ರಸ್ತೆ ಹಾಗೂ ತಾರಿಹಾಳದ ಸಣ್ಣ ಕೈಗಾರಿಕೆಗಳು ಸಿದ್ಧಪಡಿಸಲು ಶಕ್ಯ. ಸಣ್ಣ ಉದ್ದಿಮೆದಾರರಿಗೆ ಇದರಲ್ಲಿ ಒಂದು ಹೊಸ ಉತ್ಪನ್ನದ ಅವಕಾಶವೂ ಅಡಗಿದೆ.

ಮೂರನೆಯದು, ಫಲಕದಿಂದ ಅಪಘಾತಗಳು ನಿಲ್ಲುತ್ತವೆಯೇ ಎಂಬ ಪ್ರಶ್ನೆ. ಇದಕ್ಕೆ ಅತ್ಯಂತ ಸಂಯಮದಿಂದ ಉತ್ತರಿಸಬೇಕಾಗಿದೆ. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಹಣ್ಣು-ತರಕಾರಿ ತುಂಬಿಕೊಂಡು ಕುಮಟಾದ ಸಂತೆಗೆ ಹೊರಟಿದ್ದ ಲಾರಿಯು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿತು. ಸರಕಿನೊಡನೆ ಪಯಣಿಸುತ್ತಿದ್ದ ಸವಣೂರಿನ ಕನಿಷ್ಠ ಹತ್ತು ವ್ಯಾಪಾರಿಗಳು ಪ್ರಾಣ ಕಳೆದುಕೊಂಡರು. ಅದಕ್ಕೆ ಮೊದಲು, 2024ರ ಜೂನ್ 28ರಂದು ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಪ್ರಯಾಣಿಕರ ವಾಹನವೊಂದು ಡಿಕ್ಕಿ ಹೊಡೆದು 13 ಜನ ಮೃತಪಟ್ಟಿದ್ದರು. ಈ ದುರಂತಗಳಿಗೆ ಫಲಕದ ಕೊರತೆಯೇ ಕಾರಣವೆಂದು ಹೇಳುವುದು ಸರಿಯಲ್ಲ. ಸರಕಿನ ವಾಹನದಲ್ಲಿ ಜನರನ್ನು ಒಯ್ಯುವುದು, ಹೆದ್ದಾರಿಯ ಮೇಲೆ ಲಾರಿ ನಿಲ್ಲಿಸುವುದು, ತಿರುವುಗಳಲ್ಲಿ ಗಟ್ಟಿ ತಡೆಗೋಡೆ ಇಲ್ಲದಿರುವುದು ಇವೆಲ್ಲ ಪ್ರತ್ಯೇಕ ಪರಿಹಾರ ಬೇಡುವ ವಿಷಯಗಳು. ಆದರೆ ಸಂತೆಯ ಸಮಯಕ್ಕೆ ಮುಟ್ಟಲೇಬೇಕೆಂಬ ಆತುರದಲ್ಲಿ ರಾತ್ರಿಯಿಡೀ ಅಪರಿಚಿತ ಸ್ಥಿತಿಯ ಘಟ್ಟಗಳನ್ನು ಇಳಿಯುವ ಚಿಕ್ಕ ವ್ಯಾಪಾರಿಗಳ ಜೀವ ಎಷ್ಟು ತೆಳುವಾದ ದಾರದ ಮೇಲೆ ತೂಗುತ್ತಿದೆ ಎಂಬುದನ್ನು ಸವಣೂರಿನ ಮನೆಗಳು ಅರಿತಿವೆ. ಮುಂದೆ ಮಂಜು ಕವಿದಿದೆ, ಮುಂದೆ ರಸ್ತೆ ಒಂದೇ ಬದಿಗಿದೆ ಎಂಬ ಸುದ್ದಿ ಮೊದಲೇ ಗೊತ್ತಾದರೆ ಆ ಆತುರವಾದರೂ ಕಡಿಮೆಯಾದೀತು.

ತಿರುಗಿಸುವವರು ಯಾರು?

ಫಲಕವನ್ನು ನಿಲ್ಲಿಸುವುದು ಸುಲಭ. ಅದನ್ನು ಸಕಾಲಕ್ಕೆ ತಿರುಗಿಸುವುದು, ಅದಕ್ಕಿಂತಲೂ ಮುಖ್ಯವಾಗಿ ಸಕಾಲಕ್ಕೆ ಮರಳಿ ತಿರುಗಿಸುವುದು ಕಷ್ಟ. ದಾರಿ ತೆರೆದ ಮೇಲೂ ಬಂದ್ ಎಂದು ತೋರಿಸುವ ಫಲಕವು ಫಲಕವೇ ಇಲ್ಲದಿರುವುದಕ್ಕಿಂತ ಹಾನಿಕರ. ಆದುದರಿಂದ ಪ್ರತಿ ಫಲಕಕ್ಕೂ ಒಬ್ಬ ಹೊಣೆಗಾರ ಅಧಿಕಾರಿ, ಅವರು ಇಲ್ಲದಾಗ ಇನ್ನೊಬ್ಬರು ಎಂಬುದು ಲಿಖಿತವಾಗಿ ನಿಗದಿಯಾಗಬೇಕು. ಅಡ್ಡಿ ಉಂಟಾಗುವುದು ಉತ್ತರ ಕನ್ನಡದಲ್ಲಿ, ಫಲಕ ನಿಲ್ಲುವುದು ಹಾವೇರಿಯಲ್ಲಿ. ಎರಡು ಜಿಲ್ಲೆಗಳ ಆಡಳಿತಗಳ ನಡುವೆ ಆದೇಶದ ಪ್ರತಿಯು ಹೊರಟ ಗಳಿಗೆಯಲ್ಲಿಯೇ ತಲುಪುವ ವ್ಯವಸ್ಥೆ ಇಲ್ಲದೆ ಯಾವ ಯಂತ್ರವೂ ಕೆಲಸ ಮಾಡಲಾರದು.

ಇದರೊಡನೆ ಒಂದು ದಾಖಲೆ ಪುಸ್ತಕವೂ ಅಗತ್ಯ. ಯಾವ ದಿನ, ಎಷ್ಟು ಗಂಟೆಗೆ, ಯಾವ ಆದೇಶದನ್ವಯ ಫಲಕವನ್ನು ತಿರುಗಿಸಲಾಯಿತು, ಯಾವಾಗ ಮರಳಿಸಲಾಯಿತು ಎಂಬ ನಾಲ್ಕು ಅಂಕಣಗಳು ಸಾಕು. ಈ ಪುಸ್ತಕದ ದೃಢೀಕೃತ ನಕಲು ವರ್ತಕರಿಗೆ ದೊರೆಯುವಂತಾದರೆ ಅದರ ಪ್ರಯೋಜನ ಬಹುಮುಖವಾದದ್ದು. ಇ-ವೇ ಬಿಲ್ಲಿನ ವಿಳಂಬಕ್ಕೆ ತೆರಿಗೆ ಅಧಿಕಾರಿಯ ಮುಂದೆ, ತಡವಾದ ಸರಕಿಗೆ ಖರೀದಿದಾರನ ಮುಂದೆ, ಕೆಟ್ಟ ಮಾಲಿಗೆ ವಿಮಾ ಕಂಪನಿಯ ಮುಂದೆ ಅದು ಸಾಕ್ಷ್ಯವಾಗಿ ನಿಲ್ಲುತ್ತದೆ. ಫಲಕ ಬಂದ್ ಎಂದು ತೋರಿಸುತ್ತಿದ್ದಾಗಲೂ ಅದೇ ದಾರಿ ಹಿಡಿದ ಸಾಗಣೆದಾರನು ಎಚ್ಚರಿಕೆ ವಹಿಸಿದ್ದೆನೆಂದು ವಾದಿಸಲಾರನು. ಹೀಗೆ ನಷ್ಟದ ಹೊಣೆ ಸೇರಬೇಕಾದವರಿಗೆ ಸೇರುತ್ತದೆ.

ವೆಚ್ಚದ ಬಗ್ಗೆ ಹೇಳುವುದಾದರೆ, ಫಲಕದ ಮೂಲ ಬೆಲೆಯನ್ನು ರಸ್ತೆಯ ಒಡೆತನ ಹೊಂದಿದ ಪ್ರಾಧಿಕಾರವೇ ಭರಿಸಬೇಕು. ಅದು ಕಾಯ್ದೆಯ ಕರ್ತವ್ಯ. ವಾರ್ಷಿಕ ನಿರ್ವಹಣೆಯಲ್ಲಿ ಸ್ಥಳೀಯ ವರ್ತಕರ ಸಂಘಗಳು ಪಾಲುಗೊಳ್ಳಲು ಮುಂದೆ ಬಂದರೆ ಅದು ಸ್ವಾಗತಾರ್ಹ. ಆದರೆ ಅದಕ್ಕೆ ಲಿಖಿತ ಒಪ್ಪಂದ, ಪ್ರತ್ಯೇಕ ಖಾತೆ ಮತ್ತು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಇರತಕ್ಕದ್ದು. ಹಣ ಕೊಟ್ಟವರಿಗೆ ಫಲಕ ಕೆಲಸ ಮಾಡುತ್ತಿದೆಯೇ ಎಂದು ಕೇಳುವ ಹಕ್ಕೂ ಬರುತ್ತದೆ.

ಮುಂದಿನ ಹೆಜ್ಜೆ

ಮೋಟಾರು ವಾಹನ ಕಾಯ್ದೆಯ 215ನೆಯ ಕಲಮಿನಡಿ ಪ್ರತಿ ಜಿಲ್ಲೆಗೂ ರಸ್ತೆ ಸುರಕ್ಷತಾ ಸಮಿತಿಯ ಏರ್ಪಾಡಿದೆ. ನಾಲ್ಕೂ ತಾಲೂಕುಗಳ ವರ್ತಕರ ಸಂಘಗಳು ಒಂದು ಜಂಟಿ ಮನವಿಯನ್ನು ಆ ಸಮಿತಿಯ ಮುಂದಿಡುವುದು ಯೋಗ್ಯ. ಮನವಿಯಲ್ಲಿ ಬೇಡಿಕೆಗಳು ಹೆಚ್ಚಿರಬಾರದು. ತಡಸ ಕ್ರಾಸ್ ಮತ್ತು ಹಾನಗಲ್ಲಿನಲ್ಲಿ ಮೊದಲು ಎರಡು ಫಲಕಗಳು. ಒಂದು ಮಳೆಗಾಲದ ಅನುಭವ. ದಾಖಲೆ ಪುಸ್ತಕದ ಪರಿಶೀಲನೆ. ಅದು ಸಮಾಧಾನಕರವೆನಿಸಿದರೆ ಸವಣೂರು ಮತ್ತು ಹಿರೇಕೆರೂರಿಗೆ ವಿಸ್ತರಣೆ. ಮನವಿಯೊಡನೆ ಕಳೆದ ಎರಡು ಮಳೆಗಾಲಗಳಲ್ಲಿ ಘಟ್ಟದ ತಡೆಯಿಂದ ಪ್ರತಿಯೊಬ್ಬ ಸದಸ್ಯನಿಗೆ ಆದ ಹೆಚ್ಚುವರಿ ಸಾಗಣೆ ವೆಚ್ಚದ ಪಟ್ಟಿಯನ್ನು ಬಿಲ್ಲುಗಳ ಆಧಾರದಿಂದ ಸಿದ್ಧಪಡಿಸಿ ಲಗತ್ತಿಸಿದರೆ ಅಧಿಕಾರಿಗಳು ಅದನ್ನು ತಳ್ಳಿಹಾಕಲಾರರು. ಬರಿಯ ದೂರಿಗಿಂತ ಲೆಕ್ಕದ ಪಟ್ಟಿಗೆ ಬಲ ಹೆಚ್ಚು.

ಘಟ್ಟ ಕುಸಿಯುವುದನ್ನು ತಡೆಯುವ ಶಕ್ತಿ ವರ್ತಕರ ಕೈಯಲ್ಲಿಲ್ಲ, ವರದೆಯ ನೆರೆಯೂ ಯಾರ ಮಾತನ್ನೂ ಕೇಳುವುದಿಲ್ಲ. ಕುಸಿದ ಸುದ್ದಿಯನ್ನು ಲಾರಿ ಹೊರಳುವ ಮೊದಲೇ ತಲುಪಿಸುವುದು ಮಾತ್ರ ಮನುಷ್ಯರ ಕೈಯಲ್ಲಿದೆ. ಬರುವ ಮಳೆಗಾಲಕ್ಕೆ ಮೊದಲು ಈ ಕಾರ್ಯಕ್ಕೆ ಸಂಘಗಳು ತೊಡಗುವುದು ಅಪೇಕ್ಷಣೀಯ.